ಬಿಲದಲ್ಲೇ ಬಿದಿರಕ್ಕಿ ಸುಲಿದ ಮೊಲ

ಬಿದಿರು ಹೂಬಿಟ್ಟ ಒಂದು ಕಾಡಿನಲ್ಲಿ ನರಿಯೊಂದು ಮೇಸ್ತ್ರಿಯಾಗಿತ್ತು. ಪ್ರತಿ ಹುಣ್ಣಿಮೆಗೆ ಒಂದು ರಾಶಿ ಬಿದಿರಕ್ಕಿ ಒಪ್ಪಿಸುವುದಾಗಿ ಅದು ಆನೆಗಳ ಯಜಮಾನಿಗೆ ಮಾತು ಕೊಟ್ಟಿತ್ತು. ಕಾಳಿನ ಸಿಪ್ಪೆ ಸುಲಿಯುವವು ಮೊಲಗಳು, ಹೆಸರು ನರಿಯದು. ಇದರಲ್ಲಿ ವಿಶೇಷವೇನೂ ಇಲ್ಲ.

ಮೊಲಗಳು ಹಾಸುಬಂಡೆಯ ಮೇಲೆ ಒಟ್ಟಿಗೆ ಕೂತು ಸುಲಿಯುತ್ತಿದ್ದವು. ಒಂದೊಂದು ಹಿಡಿ ಮುಗಿದಾಗಲೂ ಎದ್ದು, ಹಿಂಗಾಲ ಮೇಲೆ ನಿಂತು, ಕತ್ತೆತ್ತಿ ಗಿಡುಗವಿದೆಯೇ ಎಂದು ನೋಡುವುದು ಅವುಗಳ ರೂಢಿ. ಹಾಗೆ ನೋಡದ ಮೊಲ ಬಯಲಿನಲ್ಲಿ ಬಹಳ ದಿನ ಬದುಕುವುದಿಲ್ಲ. ನರಿಗೆ ಮಾತ್ರ ಇದು ಸೋಮಾರಿತನವಾಗಿ ಕಂಡಿತ್ತು.

ಆ ಬೇಸಿಗೆಯಲ್ಲಿ ಕಾಡ್ಗಿಚ್ಚು ಹತ್ತಿತು. "ಹೊಗೆ ಇಳಿಯೋವರೆಗೆ ಅವರವರ ಬಿಲದಲ್ಲೇ ಸುಲಿಯಿರಿ" ಎಂದಿತು ನರಿ. ಬಿಲದಲ್ಲಿ ಗಿಡುಗವಿರಲಿಲ್ಲ, ಏಳುವ ಕಾರಣವೂ ಇರಲಿಲ್ಲ. ರಾಶಿ ಇಮ್ಮಡಿಯಾಯಿತು. ಹೊಗೆ ಇಳಿಯಿತು. ನರಿ ಯಾರನ್ನೂ ಹೊರಗೆ ಕರೆಯಲಿಲ್ಲ.

ಕೆಲವು ವಾರ ಕಳೆದವು. ಅಕ್ಕಿ ಒಯ್ಯಲು ಬಂದ ನರಿಯನ್ನು ಒಂದು ಹೆಣ್ಣು ಮೊಲ ತಡೆದು ನಿಲ್ಲಿಸಿತು.

"ನರಿಯಣ್ಣಾ, ಕತ್ತು ಹಿಡಿದುಬಿಟ್ಟಿದೆ. ಬಂಡೆಗೆ ಬರಲಾ?"

"ಯಾಕಮ್ಮಾ? ಮನೆಯಲ್ಲಿ ಕೂತು ಮಾಡೋ ಕೆಲಸ. ನೆರಳಿದೆ, ಗಿಡುಗದ ಕಾಟವಿಲ್ಲ. ಇನ್ನೇನು, ಪಲ್ಲಕ್ಕಿ ಕಳಿಸಲಾ?"

"ಬೆನ್ನು ಉರಿಯುತ್ತೆ. ಮುಂಗಾಲು ಜೋಮು ಹಿಡಿಯುತ್ತೆ."

"ನೆಟ್ಟಗೆ ಕೂರು."

"ಬಿಲ ಒಂದು ಗೇಣು ಎತ್ತರ ಅಷ್ಟೇ ಅಣ್ಣಾ. ನಾನು ತೋಡಿದ್ದು ಮಲಗೋಕೆ."

"ತೋಡಿದ್ದು ನೀನು ತಾನೇ? ಹಾಗಾದ್ರೆ ನೋವೂ ನಿನ್ನದೇ. ಪಕ್ಕದ ಬಿಲದವಳು ಏನೂ ಹೇಳಿಲ್ಲವಲ್ಲ!"

ಪಕ್ಕದ ಬಿಲದವಳು ನೋವೆಂದಾಗಲೂ ನರಿ ಇದನ್ನೇ ಹೇಳಿತ್ತು. ಮೊಲಗಳು ಈಗ ಒಂದನ್ನೊಂದು ನೋಡುತ್ತಿರಲಿಲ್ಲ. ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಮೊಲ ನಾಚಿಕೊಂಡು ಒಳಗೆ ಹೋಯಿತು.

ಮಳೆ ಶುರುವಾಗುವಷ್ಟರಲ್ಲಿ ಅದರ ಕತ್ತು ಬಾಗಿದಂತೆಯೇ ಸೆಟೆದುಕೊಂಡಿತು. ಕಾಳು ಹಿಡಿಯುವ ಬಲ ಮುಂಗಾಲಿಗೆ ಉಳಿಯಲಿಲ್ಲ. ಒಂದೊಂದಾಗಿ ಎಲ್ಲ ಬಿಲಗಳಲ್ಲೂ ಕೆಲಸ ನಿಂತಿತು.

ಹುಣ್ಣಿಮೆಗೆ ಐದೇ ದಿನವಿತ್ತು. ರಾಶಿ ಅರ್ಧವೂ ಆಗಿರಲಿಲ್ಲ. "ಕೂತು ಸುಲಿಯೋದು ತಾನೇ, ಏನು ಮಹಾ!" ಎಂದು ನರಿ ಉಳಿದ ಕಾಳನ್ನೆಲ್ಲ ತನ್ನ ಗವಿಗೆ ಎಳೆದುಕೊಂಡಿತು. ಬಂಡೆಯ ಮೇಲೆ ಸುಲಿಯಬಹುದಿತ್ತು. ಆದರೆ ಮೇಸ್ತ್ರಿ ಕೂಲಿ ಮಾಡುವುದನ್ನು ಯಾರಾದರೂ ನೋಡಿಬಿಟ್ಟರೆ? ಇಕ್ಕಟ್ಟಾದ ಆ ಗವಿಯಲ್ಲಿ ಮೈ ಮಡಚಿಕೊಂಡು ಕೂತ ನರಿ ಐದು ದಿನ ಏಳಲಿಲ್ಲ. ಆರನೆಯ ದಿನ ಏಳಲು ಹೋದರೆ ಸೊಂಟ ಹಿಡಿದುಕೊಂಡಿತ್ತು.

ಯಜಮಾನಿ ಆನೆ ಬಂತು. "ಎಲ್ಲೋ ನನ್ನ ಅಕ್ಕಿ? ಹೊರಗೆ ಬಾರೋ!"

"ಸೊಂಟ ಹಿಡಿದಿದೆ ತಾಯೀ! ಏಳೋಕಾಗ್ತಿಲ್ಲ!"

"ಮನೆಯಲ್ಲಿ ಕೂತವನಿಗೆ ಎಂಥದೋ ಸೊಂಟ ನೋವು?"

ನರಿ ಅಕ್ಕಿ ಬಚ್ಚಿಟ್ಟು ನಾಟಕವಾಡುತ್ತಿದೆ ಎಂದುಕೊಂಡ ಆನೆ ಗವಿಯ ಬಾಯಿಗೆ ಒದ್ದಿತು. ಮಣ್ಣಿನ ಗವಿ ಒಳಕ್ಕೆ ಕುಸಿಯಿತು. ಒಂದು ಕೂಗು ಕೇಳಿತು, ಅಷ್ಟೇ.

ಮರುದಿನ ಪಕ್ಕದ ಬಿಲದವಳು ತೆವಳುತ್ತಾ ಬಂದಳು. "ಅಕ್ಕಾ, ನರಿ ಸತ್ತುಹೋಯ್ತಂತೆ! ಬಾ, ಬಂಡೆಗೆ ಹೋಗೋಣ!"

ಮೊಲ ಹೊರಗೆ ಬಂತು. ಕತ್ತೆತ್ತಲು ನೋಡಿತು. ಕತ್ತು ಏಳಲಿಲ್ಲ.

"ಮೇಲೆ ಗಿಡುಗ ಇದೆಯೇನೇ?"

ಪಕ್ಕದವಳ ಕತ್ತೂ ನೆಲಕ್ಕೇ ಬಾಗಿತ್ತು. "ನನಗೂ ಕಾಣ್ತಿಲ್ಲ ಅಕ್ಕಾ."

ಎರಡೂ ತಮ್ಮ ತಮ್ಮ ಬಿಲದೊಳಗೆ ಹೋದವು.

ನೀತಿ: ಮೈ ನೋಯಲು ತೊಡಗಿದ ದಿನವೇ ಕೆಲಸ ಬಿಟ್ಟು ಏಳಬೇಕು, ಪಕ್ಕದವರನ್ನೂ ವಿಚಾರಿಸಬೇಕು. ದುಷ್ಟನಿಗೆ ಶಿಕ್ಷೆಯಾದ ಮಾತ್ರಕ್ಕೆ ಬಾಗಿದ ಕತ್ತು ನೆಟ್ಟಗಾಗುವುದಿಲ್ಲ.