ಇನ್ನಾಸಪ್ಪ ಸ್ವಾಮಿಗಳು ಎಲ್ಲರೆದುರು ಮಾತ್ರೆ ನುಂಗಿದ್ದು

ಸುಸೈಪಾಳ್ಯದ ಗುರುಮನೆಯೆಂದರೆ ಎರಡು ಕೋಣೆ, ಒಂದು ಜಗುಲಿ. ಪೂಜ್ಯ ಇನ್ನಾಸಪ್ಪ ಸ್ವಾಮಿಗಳು ಚರ್ಚಿನಲ್ಲಿ ಬೆಳಗಿನ ಬಲಿಪೂಜೆ ಮುಗಿಸಿ ಆ ಜಗುಲಿಯಲ್ಲೇ ಕುಳಿತು, ತಮ್ಮ ಸಾರಿಗೆ ತಾವೇ ಅವರೆಕಾಯಿ ಸುಲಿಯುತ್ತಾ ಬಂದವರ ಕಷ್ಟ ಕೇಳುತ್ತಿದ್ದರು.

ಅಂಥ ಒಂದು ಬೆಳಗ್ಗೆ ಉಪದೇಶಿ ರಾಯಪ್ಪನವರು ಮಗಳು ಲೂರ್ದಮ್ಮನನ್ನು ರಟ್ಟೆ ಹಿಡಿದು ಕರೆತಂದರು. ಊರಿನ ಮಕ್ಕಳಿಗೆಲ್ಲ ಜಪ ಕಲಿಸಿದವರು ಅವರು. ಹೆರಿಗೆಗೆಂದು ತವರಿಗೆ ಬಂದ ಮಗಳು, ಕೂಸಿಗೆ ಐದು ತಿಂಗಳಾದರೂ ಅದರ ಮುಖ ನೋಡುತ್ತಿರಲಿಲ್ಲ. ಉಣ್ಣಳು, ಮಲಗಳು, ಗೋಡೆಗೆ ಮುಖ ಮಾಡಿ ಕೂತರೆ ಕೂತಲ್ಲೇ. ಎರಡು ಸಲ ಬಾವಿಕಟ್ಟೆಯಿಂದ ಎಳೆದು ತಂದಿದ್ದರು. ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಗಳನ್ನು ರಾಯಪ್ಪನವರು ತಿಪ್ಪೆಗೆ ಎಸೆದಿದ್ದರು. ಉಪದೇಶಿಯ ಮಗಳಿಗೆ ತಲೆ ಕೆಟ್ಟಿದೆ ಎನ್ನಿಸಿಕೊಳ್ಳುವುದಕ್ಕಿಂತ ದೆವ್ವ ಹಿಡಿದಿದೆ ಎನ್ನುವುದೇ ಅವರಿಗೆ ಹಗುರವಾಗಿತ್ತು.

"ಸ್ವಾಮಿ, ತಾವು ಕೈಯಿಟ್ಟು ಇವಳ ದೆವ್ವ ಬಿಡಿಸಬೇಕು."

ಸ್ವಾಮಿಗಳು ಮಗಳ ಕಡೆ ತಿರುಗಿದರು. "ನಿನಗೆ ಹೇಗನ್ನಿಸುತ್ತೆ ತಾಯಿ?"

"ಎದೆ ಮೇಲೆ ಕಲ್ಲು ಹೇರಿದಂಗೆ ಸ್ವಾಮಿ. ಮಗು ಪಕ್ಕದಲ್ಲೇ ಅತ್ತರೂ ಎಲ್ಲೋ ದೂರದಲ್ಲಿ ಅಳ್ತಾ ಇದೆ ಅನ್ಸುತ್ತೆ."

"ಜಪ ಮಾಡು ಅಂದ್ರೆ ಮಾಡಲ್ಲ," ರಾಯಪ್ಪನವರು ಗದರಿದರು. "ನಂಬಿಕೆ ಸಾಲದು ಇವಳಿಗೆ."

ಸ್ವಾಮಿಗಳು ಎದ್ದು ಒಳಗೆ ಹೋದರು. ಮಾತ್ರೆಯ ಪಟ್ಟಿಯೊಂದನ್ನೂ ಲೋಟದಲ್ಲಿ ನೀರನ್ನೂ ತಂದು, ಜಗುಲಿಯ ಕೆಳಗೆ ಕಾದಿದ್ದ ಹತ್ತು ಹನ್ನೆರಡು ಜನರ ಎದುರಿಗೇ ಒಂದು ಮಾತ್ರೆ ನುಂಗಿದರು.

"ಒಂಬತ್ತು ವರ್ಷದಿಂದ ನುಂಗುತ್ತಿದ್ದೇನೆ. ನನ್ನದೂ ಮನಸ್ಸಿನ ಕಾಯಿಲೆಯೇ. ನನಗೂ ನಂಬಿಕೆ ಸಾಲದೇ, ಉಪದೇಶಿಗಳೇ?"

ಕೆಳಗಿದ್ದವರಲ್ಲಿ ಊರಿನ ಹಿರಿಯರಾದ ಆರೋಗ್ಯಪ್ಪನವರು ಸಿಟ್ಟಿನಿಂದ ಎದ್ದರು. "ಒಳಗೇ ನುಂಗಬಾರದಿತ್ತೇ ಸ್ವಾಮಿ? ಬಲಿಪೀಠದ ಮುಂದೆ ನಿಲ್ಲೋರಿಗೇ ಹುಚ್ಚು ಅಂತ ಆಡ್ಕೊಳ್ಳಲ್ವೇ ಜನ? ಧರ್ಮಾಧ್ಯಕ್ಷರಿಗೆ ಬರೀತೀವಿ."

"ಬರೆಯಿರಿ. ಕಾಯಿಲೆಯ ಹೆಸರು ನಾನೇ ಹೇಳುತ್ತೇನೆ, ತಪ್ಪಿಲ್ಲದೆ ಬರೆಯಿರಿ. ಗೆತ್ಸೆಮನೆಯ ತೋಟದಲ್ಲಿ ನಮ್ಮ ಪ್ರಭುಗಳು ನೆಲಕ್ಕೆ ಬಿದ್ದು ಸಂಕಟಪಟ್ಟರಲ್ಲ, ನೀವು ಅಲ್ಲಿದ್ದಿದ್ದರೆ ಅವರಿಗೂ ದೆವ್ವ ಬಿಡಿಸಲು ಯಾರನ್ನಾದರೂ ಕರೆತರುತ್ತಿದ್ದಿರಾ?"

ಆಗ ಲೂರ್ದಮ್ಮ ತಲೆಯೆತ್ತಿದಳು. "ನಿಮಗೆ ವಾಸಿ ಆಯ್ತಾ ಸ್ವಾಮಿ?"

"ಪೂರ್ತಿ ಇಲ್ಲ ತಾಯಿ. ಅವರೆಕಾಯಿ ಸುಲಿಯುವಷ್ಟು, ನಿನ್ನ ಮಾತು ಕೇಳುವಷ್ಟು ಆಗಿದೆ."

ಐದು ತಿಂಗಳಲ್ಲಿ ಮಗಳು ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು. ರಾಯಪ್ಪನವರ ಕೈ ಅವಳ ರಟ್ಟೆಯನ್ನು ತಾನಾಗಿ ಬಿಟ್ಟಿತು. ಸ್ವಾಮಿಗಳು ಅವಳ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ, "ಬುಧವಾರ ಆಸ್ಪತ್ರೆಗೆ ಕರೆದುಕೊಂಡು ಹೋಗಿ," ಎಂದರು. ಬುಧವಾರ ರಾಯಪ್ಪನವರು ಅವಳನ್ನು ಕರೆದುಕೊಂಡು ಹೋದರು.

ಇತ್ತ ಆರೋಗ್ಯಪ್ಪನವರು ಸ್ವಾಮಿಗಳನ್ನು ವರ್ಗ ಮಾಡಿಸಲು ಅರ್ಜಿ ಬರೆಸಿದರು. ತಿಂಗಳು ಕಳೆದ ಮೇಲೆ, ಒಂದು ಭಾನುವಾರ ಪೂಜೆ ಮುಗಿದೊಡನೆ ಅದನ್ನು ಎಲ್ಲರೆದುರು ಓದಿ, ಮೊದಲ ಸಹಿಗೆಂದು ಉಪದೇಶಿಗಳ ಕೈಗೆ ಕೊಟ್ಟರು. ಲೂರ್ದಮ್ಮ ಅಷ್ಟರಲ್ಲಿ ರಾತ್ರಿ ನಿದ್ದೆ ಮಾಡತೊಡಗಿದ್ದಳು, ಕೂಸಿಗೆ ತಾನೇ ನೀರೆರೆಯುತ್ತಿದ್ದಳು.

ರಾಯಪ್ಪನವರು ಅರ್ಜಿಯನ್ನು ಮಡಚಿ ಹಿಂದಕ್ಕೆ ಕೊಟ್ಟರು.

"ನನ್ನ ಮಗಳಿಗೆ ಮನಸ್ಸಿನ ಕಾಯಿಲೆ. ಔಷಧಿ ನಡೀತಾ ಇದೆ. ಅವಳಿಗೆ ನಂಬಿಕೆ ಇಲ್ಲ ಅಂದಿದ್ದು ನಾನು, ತಪ್ಪು ನಂದು. ಆಡ್ಕೊಳ್ಳೋರು ನನ್ನ ಮುಂದೇ ಆಡ್ಕೊಳ್ಳಿ. ಮನೇಲಿ ಇಂಥವರನ್ನ ಬಚ್ಚಿಟ್ಟುಕೊಂಡಿರೋರು ಬುಧವಾರ ಎಂಟು ಗಂಟೆ ಬಸ್ಸಿಗೆ ಬನ್ನಿ. ಜೊತೆಗೆ ನಾನು ಬರ್ತೀನಿ."

ಅರ್ಜಿ ಧರ್ಮಾಧ್ಯಕ್ಷರಿಗೆ ಹೋಯಿತಾದರೂ ಸ್ವಾಮಿಗಳು ಸಾಯುವವರೆಗೂ ಸುಸೈಪಾಳ್ಯದಲ್ಲೇ ಇದ್ದರು.

ಬುಧವಾರ ರಾಯಪ್ಪನವರು ಮಗಳೊಂದಿಗೆ ಬಸ್ ನಿಲ್ದಾಣಕ್ಕೆ ಬಂದಾಗ ಒಬ್ಬ ಹೆಂಗಸು ಆಗಲೇ ಸೆರಗು ಹೊದ್ದು ಕಾದಿದ್ದಳು. ಆರೋಗ್ಯಪ್ಪನವರ ಹೆಂಡತಿ ಜಪಮಾಲಮ್ಮ.

"ಇಪ್ಪತ್ತು ವರ್ಷ ಆಯ್ತು ಅಣ್ಣ, ನಾನು ನೆಮ್ಮದಿಯಾಗಿ ನಿದ್ದೆ ಮಾಡಿ," ಎಂದಳು. "ಮನೇಲಿ ಹೇಳೇ ಬಂದಿದ್ದೀನಿ."

"ಬಾ ತಂಗಿ," ಎಂದು ರಾಯಪ್ಪನವರು ಮೊದಲು ಹತ್ತಿ, ಅವಳಿಗೆ ಕಿಟಕಿಯ ಪಕ್ಕ ಜಾಗ ಹಿಡಿದರು.