ದೋಣಿಯ ತಳ ಮತ್ತು ಮೂರನೆಯ ಕಲಮು

ಶಿಷ್ಯ ಕೇಳಿದ: "ಗುರುಗಳೇ, ಔಷಧ ಕಾರ್ಖಾನೆಯ ಕೆಲಸ ಬಿಡುವಾಗ, ಒಳಗೆ ಕಂಡದ್ದನ್ನು ಹೊರಗೆ ಹೇಳುವುದಿಲ್ಲವೆಂದು ಕರಾರಿಗೆ ಸಹಿ ಹಾಕಿದ್ದೇನೆ. ಅಲ್ಲಿನ ಔಷಧದ ಒಂದು ಸಂಗತಿ ನನ್ನ ನಿದ್ದೆ ಕೆಡಿಸುತ್ತಿದೆ. ಆದರೂ ಸಹಿ ಹಾಕಿದವನು ಸುಮ್ಮನಿರುವುದೇ ಧರ್ಮವಲ್ಲವೇ?"

ಗುರು ಹೇಳಿದರು:

ಒಬ್ಬ ಬಡಗಿಯಿದ್ದ. ಹೊಳೆ ದಾಟಿಸುವ ದೋಣಿಯ ದುರಸ್ತಿಗೆ ಅದರ ಯಜಮಾನ ಅವನನ್ನು ಕರೆಸಿದ. ಬಡಗಿ ತಳ ತಟ್ಟಿ ನೋಡಿ, "ಎರಡು ಹಲಗೆ ಕೊಳೆತಿವೆ ಧಣಿ. ಬದಲಿಸಲು ಒಂದು ತಿಂಗಳು ಬೇಕು" ಎಂದ.

"ತಿಂಗಳು ನಿಲ್ಲಿಸಿದರೆ ಜನ ಈಜಿಕೊಂಡು ಹೋಗುತ್ತಾರೇನು? ಡಾಂಬರು ಬಳಿ. ಇಲ್ಲೊಂದು ಸಹಿ ಹಾಕು."

ಕರಾರಿನಲ್ಲಿ ಮೂರು ಕಲಮುಗಳಿದ್ದವು. ದೋಣಿಯಲ್ಲಿ ಕಂಡದ್ದನ್ನು ಯಾರಿಗೂ ಹೇಳಕೂಡದು. ಹೇಳಿದರೆ ಬಡಗಿಯ ಮನೆ ಯಜಮಾನನಿಗೆ ಸೇರತಕ್ಕದ್ದು. ಇಂಥದೊಂದು ಕರಾರು ಇದೆಯೆಂಬುದನ್ನೂ ಹೇಳಕೂಡದು. ಯಾರಿಗೂ ಎಂದರೆ ಹೆಂಡತಿಗೂ ಎಂದು ಯಜಮಾನ ಬಾಯಿಮಾತಿನಲ್ಲಿ ವಿವರಿಸಿದ. ಅವಧಿ, ಸಾಯುವವರೆಗೆ. ಯಾರು ಸಾಯುವವರೆಗೆ ಎಂದು ಬರೆದಿರಲಿಲ್ಲ.

ಬಡಗಿ ಸಹಿ ಹಾಕಿ ಡಾಂಬರು ಬಳಿದ. ಅಂದಿನಿಂದ, ದೋಣಿ ಹೋಗಿ ಮರಳುವವರೆಗೆ ಅವನು ಊಟಕ್ಕೆ ಕೂರುತ್ತಿರಲಿಲ್ಲ.

ಜನರ ಪ್ರಾಣಕ್ಕೆ ಕುತ್ತು ತರುವ ಕರಾರು ಮೊದಲ ದಿನದಿಂದಲೇ ಅನೂರ್ಜಿತ. ಊರಿನ ವಕೀಲರನ್ನು ಕೇಳಿದ್ದರೆ ಒಂದೇ ಮಾತಿನಲ್ಲಿ ಹೇಳುತ್ತಿದ್ದರು. ಕೇಳಲು ಮೂರನೆಯ ಕಲಮು ಬಿಡಲಿಲ್ಲ. ವಕೀಲರು ಅದೇ ದೋಣಿಯಲ್ಲಿ ಕೋರ್ಟಿಗೆ ಹೋಗಿ ಬರುತ್ತಿದ್ದರು.

ಒಂದು ಸಂತೆಯ ದಿನ ಹೊಳೆ ಏರಿತ್ತು. ಬಡಗಿಯ ಹೆಂಡತಿ ಬುಟ್ಟಿ ಎತ್ತಿಕೊಂಡಳು.

"ಇವತ್ತು ಹೋಗಬೇಡ."

"ಯಾಕೆ?"

"ಹೇಳುವಂತಿಲ್ಲ."

"ಅಯ್ಯೋ, ಸಂತೆಯಲ್ಲಿ ಇನ್ನೊಬ್ಬಳನ್ನು ಇಟ್ಟಿದ್ದೀರೋ ಹೇಗೆ?" ಎಂದು ನಕ್ಕಳು. "ನೀರಿಗೆ ಹೆದರಬೇಡಿ. ನೀವು ದುರಸ್ತಿ ಮಾಡಿದ ದೋಣಿ ಅಂತಲೇ ಊರೆಲ್ಲ ಹತ್ತುತ್ತಿದೆ."

ಅವಳು ಹೋದಳು. ತುಸು ಹೊತ್ತು ಕೂತಿದ್ದ ಬಡಗಿ, ಕೂರಲಾರದೆ ದಡಕ್ಕೆ ಓಡಿದ. ದೋಣಿ ಆಗಲೇ ಹೊರಟಿತ್ತು. ಕೂಗಲು ಬಾಯಿ ತೆರೆದ. ಪಕ್ಕದಲ್ಲಿ ಯಜಮಾನ ನಿಂತಿದ್ದ. ಅವನು ಕರಾರು ಇಟ್ಟಿದ್ದ ಜೇಬು ಮುಟ್ಟಿಕೊಂಡ, ಅಷ್ಟೆ. ಬಡಗಿ ಬಾಯಿ ಮುಚ್ಚಿದ. ಮರಳಿ ಬಾ ಎಂದು ಕೈ ಬೀಸಿದ. ಬೀಳ್ಕೊಡುತ್ತಿದ್ದಾನೆಂದು ತಿಳಿದು ಹೆಂಡತಿಯೂ ಕೈ ಬೀಸಿದಳು.

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ದೋಣಿ ದಡ ಸೇರಿತೇ?"

"ಅದನ್ನು ನೀನು ಹೇಳಬೇಕು. ನಿಮ್ಮ ಕಾರ್ಖಾನೆಯ ಔಷಧ ಈಗ ಯಾವ ಊರು ತಲುಪಿದೆ?"