ಏಡಿಗಳು ಓಡಿದ್ದು

ಗಾಳಿಯ ವೇಗ ಅಳೆಯಬಲ್ಲ ಕಡಲಹಕ್ಕಿಯೊಂದು ದಡಕ್ಕಿಳಿದು ಏಡಿಗಳಿಗೆ ಹೇಳಿತು: “ನಾಳೆ ಮಧ್ಯಾಹ್ನ ಚಂಡಮಾರುತ ಬರುತ್ತದೆ. ಈಗಲೇ ಗುಡ್ಡಕ್ಕೆ ಹೊರಡಿ.”

“ಹೋದ ವರ್ಷವೂ ಹೀಗೇ ಹೆದರಿಸಿದ್ದೆ,” ಎಂದಿತು ಹಿರಿಯ ಏಡಿ.

“ಆಗ ಅದು ಪಕ್ಕದ ದಡಕ್ಕೆ ಬಡಿಯಿತು.”

“ಅಲ್ಲಿಗೆ ನಿನ್ನ ಮಾತು ಸುಳ್ಳಾಯಿತಲ್ಲ.”

ಇನ್ನೊಂದು ಏಡಿ ಮೆಲ್ಲಗೆ ಕೇಳಿತು: “ನಿನ್ನ ಗೂಡು ಇರುವುದು ಆ ಗುಡ್ಡದಲ್ಲೇ ಅಂತೆ, ಹೌದೆ?”

ಹಕ್ಕಿ ರೆಕ್ಕೆ ಬಿಚ್ಚಿ ಹಾರಿಹೋಯಿತು.

ಮರುದಿನ ಮಧ್ಯಾಹ್ನ ದೂರದ ಕಡಲಲ್ಲಿ ತೆಂಗಿನಮರದೆತ್ತರದ ಅಲೆ ಎದ್ದಿತು. ಏಡಿಗಳು ಅದನ್ನೇ ನೋಡುತ್ತ, ತಮ್ಮ ವಾಡಿಕೆಯಂತೆ ದಡದುದ್ದಕ್ಕೂ ಅಡ್ಡಡ್ಡ ಓಡಿದವು. ಒಂದು ಮೈಲಿ ಓಡಿ ನಿಂತಾಗಲೂ ಕಡಲು ಅಷ್ಟೇ ಹತ್ತಿರದಲ್ಲಿತ್ತು.

ಹಿರಿಯ ಏಡಿ ಏದುಸಿರು ಬಿಡುತ್ತ ಮೇಲೆ ಹಾರುತ್ತಿದ್ದ ಹಕ್ಕಿಯನ್ನು ಗದರಿತು: “ನಿನ್ನ ಮಾತು ಕೇಳಿ ಇಷ್ಟು ದೂರ ಬಂದೆವು. ಏನು ಪ್ರಯೋಜನವಾಯಿತು?”